ಕೊಡೈಕನಾಲಿನಲ್ಲಿ ಕಂಡ ಹರಿವು

5 ಜನವರಿ 2025, ಆದಿತ್ಯವಾರ
ಪೆರ್ಲ, ಕಾಸರಗೋಡು

ಶುಕ್ರವಾರ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಸೂರ್ಯಕಲೆಯ ಅಯಸ್ಕಾಂತವೇ ಅನಿಲವನ್ನು ಹೊರಗೆ ದೂಡುವುದೇ?" ಸೂರ್ಯಕಲೆಯೆಂದರೆ ಸೂರ್ಯನ ಮೇಲ್ಮೈಯಲ್ಲಿ ಕಪ್ಪಾಗಿ ಕಾಣುವ ಮಚ್ಚೆ. ಗಂಟೆ ಬಾರಿಸಿತು, ಉತ್ತರ ಉಳಿಯಿತು. ಅದನ್ನು ಬರೆಯಲು ಇವತ್ತಿಗಿಂತ ಒಳ್ಳೆಯ ದಿನವಿಲ್ಲ. 1909ರ ಜನವರಿ 5ರಂದೇ ಖಗೋಳವಿಜ್ಞಾನಿ ಜಾನ್ ಎವರ್‌ಶೆಡ್ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಕಲೆಯಿಂದ ಹೊರಕ್ಕೆ ಸಾಗುವ ಅನಿಲದ ಆ ಹರಿವನ್ನು ಮೊದಲು ಗುರುತಿಸಿದ್ದು.

ಕಲೆಗಳಲ್ಲಿ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಖಗೋಳವಿಜ್ಞಾನಿ ಹೇಲ್ 1908ರಲ್ಲಿ ತೋರಿಸಿದ್ದರು; ಅಲ್ಲಿ ಅನಿಲ ಸುಳಿಯಂತೆ ಸುತ್ತುತ್ತಿರಬೇಕು ಎಂಬುದು ಆಗಿನ ಊಹೆ. ಎವರ್‌ಶೆಡ್ ಕಂಡದ್ದು ಬೇರೆ. ಕಲೆಯ ಕಪ್ಪು ನಡುವಿನ ಸುತ್ತ ಇರುವ ಮಸುಕು ಅಂಚಿನಲ್ಲಿ, ಅಂದರೆ ಅರೆನೆರಳಿನಲ್ಲಿ, ಸೂರ್ಯಬಿಂಬದ ನಡುವಿನತ್ತ ಇರುವ ಪಕ್ಕದ ರೋಹಿತರೇಖೆಗಳು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು) ನೀಲಿಯ ಕಡೆಗೂ ಅಂಚಿನತ್ತ ಇರುವ ಪಕ್ಕದವು ಕೆಂಪಿನ ಕಡೆಗೂ ಸರಿದಿದ್ದವು. ನೀಲಿಯತ್ತ ಸರಿದರೆ ಅನಿಲ ನಮ್ಮ ಕಡೆಗೆ ಬರುತ್ತಿದೆ, ಕೆಂಪಿನತ್ತ ಸರಿದರೆ ದೂರ ಹೋಗುತ್ತಿದೆ ಎಂದರ್ಥ; ನಮ್ಮ ನೋಟಕ್ಕೆ ಅಡ್ಡಲಾಗಿ ಹರಿದರೆ ಸರಿತವಿಲ್ಲ. ಕಲೆ ಬಿಂಬದ ನಡುವೆ ಬಂದಾಗ ಈ ಸರಿತ ಕಾಣುತ್ತಿರಲಿಲ್ಲ. ಅಂದರೆ ಅನಿಲ ಮೇಲ್ಮೈಗೆ ಸಮಾನಾಂತರವಾಗಿ, ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ, ಹೊರಕ್ಕೆ ಹರಿಯುತ್ತಿತ್ತು.

ಈಗ ಅವಳ ಪ್ರಶ್ನೆ. ಕಾಂತಬಲ ಬಲರೇಖೆಗೆ ಅಡ್ಡಲಾಗಿ ಮಾತ್ರ ವರ್ತಿಸುತ್ತದೆ. ರೇಖೆಯ ಉದ್ದಕ್ಕೆ ಅದು ಏನನ್ನೂ ದೂಡಲಾರದು. ಆ ದಾರಿಯಲ್ಲಿ ಪ್ಲಾಸ್ಮಾವನ್ನು (ವಿದ್ಯುದಾವೇಶ ಹೊಂದಿದ ಆ ಬಿಸಿ ಅನಿಲವನ್ನು) ನಡೆಸುವುದು ಒತ್ತಡದ ವ್ಯತ್ಯಾಸ ಮತ್ತು ಗುರುತ್ವ. ಆದರೆ ಆ ಒತ್ತಡವನ್ನು ನಿರ್ಧರಿಸುವುದರಲ್ಲಿ ಕಾಂತಕ್ಷೇತ್ರದ ಕೈಯಿದೆ, ನನ್ನನ್ನು ಸೆಳೆಯುವುದೂ ಇದೇ. ಬಲರೇಖೆಗಳ ಕಟ್ಟಿನಿಂದಾದ ಕಾಂತ ಕೊಳವೆಯೊಳಗಿನ ಅನಿಲದ ಒತ್ತಡ ಮತ್ತು ಕಾಂತ ಒತ್ತಡ ಸೇರಿ ಹೊರಗಿನ ಒತ್ತಡಕ್ಕೆ ಸರಿದೂಗಬೇಕು. ಕ್ಷೇತ್ರ ಬಲವಾಗಿರುವಲ್ಲಿ ಅನಿಲದ ಪಾಲು ಕಡಿಮೆ. ಕಮಾನಿನಂಥ ಕೊಳವೆಯ ಎರಡು ಬುಡಗಳಲ್ಲಿ ಕ್ಷೇತ್ರ ಬೇರೆಬೇರೆಯಾಗಿದ್ದರೆ, ದುರ್ಬಲ ಬುಡದಿಂದ ಪ್ರಬಲ ಬುಡಕ್ಕೆ ಅನಿಲ ಹರಿಯುತ್ತದೆ. ಮೇಲಿನ ಕೆರೆಯಿಂದ ಅಡಿಕೆ ತೋಟಕ್ಕೆ ಹಾಕಿದ ಪೈಪಿನಲ್ಲಿ ಒಮ್ಮೆ ಗಾಳಿ ಎಳೆದುಬಿಟ್ಟರೆ ನೀರು ಕಟ್ಟೆ ಹತ್ತಿ ಇಳಿದು ಬರುವುದಿಲ್ಲವೇ, ಹಾಗೆ. ವಿಜ್ಞಾನಿಗಳಾದ ಮೇಯರ್ ಮತ್ತು ಶ್ಮಿಟ್ 1968ರಲ್ಲಿ ಮುಂದಿಟ್ಟ ವಿವರಣೆ ಇದು.

ತೊಡಕು ಇಲ್ಲೇ ಇದೆ. ಕ್ಷೇತ್ರ ಕಲೆಯ ಒಳಗೇ ಹೆಚ್ಚು ಬಲವಾಗಿರುವುದರಿಂದ ಹರಿವು ಒಳಮುಖವಾಗಬೇಕಿತ್ತು! ಹೊರಬುಡ ಸಣ್ಣದೊಂದು ಪ್ರಬಲ ಕಾಂತಗಂಟಿನಲ್ಲಿ ಊರಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಈಚಿನ ಕಂಪ್ಯೂಟರ್ ಅನುಕರಣೆಗಳು ತೋರಿಸುವ ಚಿತ್ರವೇ ನನಗೆ ಹೆಚ್ಚು ಒಪ್ಪಿಗೆ: ಅರೆನೆರಳಿನ ಎಳೆಗಳ ಒಳತುದಿಯಲ್ಲಿ ಬಿಸಿ ಪ್ಲಾಸ್ಮಾ ಉಕ್ಕಿ ಬರುತ್ತದೆ, ಓರೆಯಾಗಿ ಮಲಗಿದ ಕ್ಷೇತ್ರ ಅದನ್ನು ಹೊರಕ್ಕೆ ತಿರುಗಿಸುತ್ತದೆ, ತಣ್ಣಗಾದ ಮೇಲೆ ಅದು ಇಳಿಯುತ್ತದೆ. ಶಾಖವೇ ಇಲ್ಲಿ ಚಾಲಕ.

ಇನ್ನೂ ಮೇಲೆ, ಸೂರ್ಯನ ಕಾಣುವ ಮೇಲ್ಮೈಯ ಮೇಲಿನ ಪದರವಾದ ವರ್ಣಗೋಳದಲ್ಲಿ, ಹರಿವು ನಿಜವಾಗಿಯೂ ತಿರುಗಿ ಕಲೆಯೊಳಕ್ಕೆ ಬರುತ್ತದೆ. 1968ರ ಆ ವಿವರಣೆ ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ.