ದುಬಾರಿ ಸ್ಕೋಪೇ ಬೇಕಾ, ಅಗ್ಗದ್ದು ಸಾಕಾ?

ಬೇಟೆಗೆ ಹೊಸದಾಗಿ ರೈಫಲ್ ಹಿಡಿದವರೆಲ್ಲ ಸ್ಕೋಪ್ (ರೈಫಲ್ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು) ಕೊಳ್ಳುವಾಗ ನನ್ನನ್ನು ಕೇಳುವುದು ಇದನ್ನೇ. ಎರಡು ಸ್ಕೋಪ್‌ಗಳ ಮೇಲೂ '3ರಿಂದ 9 ಪಟ್ಟು, 40 ಮಿ.ಮೀ.' ಅಂತಲೇ ಇದೆ (ಎಷ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು ಎಷ್ಟು ಅಗಲ ಅನ್ನುವ ಲೆಕ್ಕ). ಬೆಲೆ ನೋಡಿದರೆ ಒಂದು ಇನ್ನೊಂದರ ಐದಾರರಷ್ಟು. ಜಾಸ್ತಿ ದುಡ್ಡು ಯಾಕೆ ಸುರಿಯಬೇಕು?

ನಾನು ತಿರುಗಿ ಕೇಳುತ್ತೇನೆ: ನೀವು ಗುಂಡು ಹಾರಿಸುವುದು ಯಾವ ಹೊತ್ತಿನಲ್ಲಿ?

ನಡುಮಧ್ಯಾಹ್ನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಜಿಂಕೆ, ಹಂದಿಗಳು ಬಯಲಿಗೆ ಇಳಿಯುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬೇಟೆಗೆ ಅನುಮತಿ ಇರುವ ಹಲವು ಕಡೆ ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಅವಕಾಶ ಇರುತ್ತದೆ. ನೀವು ಕೊಡುವ ಜಾಸ್ತಿ ದುಡ್ಡು ಹೆಚ್ಚುಕಮ್ಮಿ ಆ ಅರ್ಧ ಗಂಟೆಗೇ.

ಲೇಪನ ಇಲ್ಲದ ಗಾಜಿನ ಒಂದೊಂದು ಮೈಯಲ್ಲೂ ಸುಮಾರು ಶೇ. 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ಅಂಥ ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಕರಗಿರುತ್ತದೆ. ಇದನ್ನು ತಡೆಯುವ ಲೇಪನವನ್ನು 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದರು. ಈಗ ಅಗ್ಗದ ಸ್ಕೋಪ್‌ಗೂ ಲೇಪನ ಇರುತ್ತದೆ, ಆದರೆ ಎಲ್ಲ ಮೈಗೂ ಇದೆಯಾ, ಎಷ್ಟು ಪದರ ಇದೆ ಅಂತ ನೋಡಬೇಕು. ಇಳಿಬಿಸಿಲು ಎದುರಿಗಿದ್ದಾಗ ಕಳಪೆ ಸ್ಕೋಪ್‌ನೊಳಗೆ ಹಾಲು ಚೆಲ್ಲಿದ ಹಾಗೆ ಮಬ್ಬು ಕವಿಯುತ್ತದೆ. ಕೊಂಬು ಯಾವುದು, ಕೊಂಬೆ ಯಾವುದು ಗೊತ್ತಾಗುವುದಿಲ್ಲ.

ಕಾಸಿಲ್ಲದ ಉಪಾಯವೂ ಒಂದಿದೆ. ಕತ್ತಲಾಗುತ್ತಾ ಬಂದರೆ ಪವರ್, ಅಂದರೆ ಪಟ್ಟು, ಇಳಿಸಿ. 40 ಮಿ.ಮೀ. ಗಾಜಿನಿಂದ 9 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಿರಣಪುಂಜ 4.4 ಮಿ.ಮೀ. ಅಗಲ, 6 ಪಟ್ಟಿನಲ್ಲಿ 6.7. ಪುಂಜ ಅಗಲವಾದಷ್ಟೂ ಮುಸ್ಸಂಜೆಯಲ್ಲಿ ಹೆಚ್ಚು ಬೆಳಕಾಗಿ ಕಾಣುತ್ತದೆ. (ಸ್ಕೋಪಿನ ಕೊಳವೆ 30 ಮಿ.ಮೀ. ದಪ್ಪ ಇದ್ದರೆ ಬೆಳಕು ಜಾಸ್ತಿ ಬರುತ್ತದೆ ಅನ್ನುವುದು ಸುಮ್ನೆ ಮಾತು. ಅದರಿಂದ ಸಿಗುವುದು ಗುರಿ ಹೊಂದಿಸಲು ಹೆಚ್ಚಿನ ಜಾಗ, ಅಷ್ಟೆ.)

ಗಾಜಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಗುರಿ ಹೊಂದಿಸುವ ಒಳಗಿನ ಯಂತ್ರ. ನನ್ನ ಮೊದಲ ಸ್ಕೋಪ್ ಅಗ್ಗದ್ದು. ಗುರಿ ಹೊಂದಿಸುವ ತಿರುಗಣೆಯ ಒಂದು ಕ್ಲಿಕ್ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು), ಅಂದರೆ 100 ಮೀಟರಿಗೆ ಗುರಿ ಸುಮಾರು 7 ಮಿ.ಮೀ. ಸರಿಯಬೇಕು. ಅದು ಒಮ್ಮೆ ಸರಿಯುತ್ತಿತ್ತು, ಒಮ್ಮೆ ಕದಲುತ್ತಲೇ ಇರಲಿಲ್ಲ, ಮುಂದಿನ ಗುಂಡಿನ ಹೊಡೆತಕ್ಕೆ ದಿಢೀರನೆ ಜಾರುತ್ತಿತ್ತು. ಒಂದಿಡೀ ಸೀಸನ್ ನಾನು ಗುಂಡುಗಳನ್ನೇ ಬೈದೆ. ಕೊನೆಗೆ ಮೇಲೆ 20 ಕ್ಲಿಕ್, ಬಲಕ್ಕೆ 20, ಕೆಳಗೆ 20, ಎಡಕ್ಕೆ 20 ತಿರುಗಿಸಿ, ಒಂದೊಂದು ಮೂಲೆಯಲ್ಲೂ ಹೊಡೆದು ನೋಡಿದೆ. ಐದನೇ ಗುಂಡು ಮೊದಲ ತೂತಿಗೇ ಬರಬೇಕಿತ್ತು. ನಾಲ್ಕು ಬೆರಳು ಆಚೆ ಬಿತ್ತು. ಗುರಿ ಹಾಗೆ ಜಾರಿದರೆ ಗಾಯಗೊಂಡ ಪ್ರಾಣಿ ಪೊದೆಯೊಳಗೆ ನರಳುತ್ತದೆ, ಅಲ್ವಾ? ನನ್ನ ಮಟ್ಟಿಗೆ ದುಡ್ಡು ಹಾಕಬೇಕಾದ ಮೊದಲ ಕಾರಣ ಇದು.

ಹಾಗಂತ ಎಲ್ಲರಿಗೂ ದುಬಾರಿದು ಬೇಡ. ಹಗಲು ಹೊತ್ತಿನಲ್ಲಿ, ನೂರು ಮೀಟರಿನೊಳಗೆ ಹೊಡೆಯುವವರಿಗೆ ಸರಳವಾದ, ಪವರ್ ಬದಲಾಗದ 4 ಪಟ್ಟಿನ ಸ್ಕೋಪ್ ಧಾರಾಳ ಸಾಕು. ಅದೇ ಬೆಲೆಗೆ 24 ಪಟ್ಟು ಕೊಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಮೌಂಟ್‌ನಲ್ಲಿ, ಅಂದರೆ ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ರಿಂಗು-ಪಟ್ಟಿಯಲ್ಲಿ, ಮಾತ್ರ ಜಿಪುಣತನ ಬೇಡ. ಕಳೆದ ಸಲ ಗೆಳೆಯನೊಬ್ಬ ಸ್ಕೋಪ್ ಕೆಟ್ಟಿದೆ, ಹೊಸದು ಯಾವುದು ತಗೊಳ್ಳಲಿ ಅಂತ ಬಂದಿದ್ದ. ನೋಡಿದರೆ ರಿಂಗಿನ ಎರಡು ಸ್ಕ್ರೂ ಸಡಿಲ. ಬಿಗಿ ಮಾಡಿ ಕೊಟ್ಟೆ. ಈಗಲೂ ಅದೇ ಸ್ಕೋಪ್ ಇಟ್ಟುಕೊಂಡಿದ್ದಾನೆ.