ಟ್ಯಾಂಕಿನ ಅಳತೆ ನೋಡಿ ವಿಮಾನ ಗೊತ್ತುಮಾಡಿದ ವರ್ಷ

ಸಾವಿರಾರು ಎಕರೆ ಹೊಲಗಳನ್ನು ನೋಡಿಕೊಳ್ಳುವ ಕೃಷಿ ಕಂಪನಿಯೊಂದರಲ್ಲಿ ಬೆಂಕಿ ಮುಂಜಾಗ್ರತೆಯ ಹೊಣೆ ನನ್ನದು. ಕೊಯ್ಲಿನ ಹಂಗಾಮಿಗೆ ವೈಮಾನಿಕ ಅಗ್ನಿಶಾಮಕ ಸೇವೆಯೊಂದನ್ನು ಗೊತ್ತುಮಾಡಬೇಕೆಂದು ಆಡಳಿತ ತೀರ್ಮಾನಿಸಿದಾಗ, ಬಂದ ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾನು ಮೊದಲು ನೋಡಿದ್ದು ಟ್ಯಾಂಕಿನ ಅಳತೆಯನ್ನು. ಒಬ್ಬರು ಕೊಡಲು ಮುಂದಾಗಿದ್ದ ಏರ್ ಟ್ರ್ಯಾಕ್ಟರ್ ಎಟಿ-802ಎಫ್ ಎಂಬ ಒಂಟಿ ಎಂಜಿನ್ನಿನ ವಿಮಾನ ಸುಮಾರು 3,000 ಲೀಟರ್ ನೀರು ಹೊರುತ್ತದೆ. ಇನ್ನೊಬ್ಬರ ಹೆಲಿಕಾಪ್ಟರಿನ ಕೆಳಗೆ ತೂಗುಹಾಕುವ ಬಕೆಟ್ಟು 1,000 ಲೀಟರಿನದು. ನೀರು ಮೂರು ಪಟ್ಟಾದರೆ ರಕ್ಷಣೆಯೂ ಮೂರು ಪಟ್ಟು ಎಂದುಕೊಂಡು, ಹೆಚ್ಚು ಯೋಚಿಸದೆ ವಿಮಾನದ ಕರಾರಿಗೆ ಶಿಫಾರಸು ಬರೆದೆ.

ಬೆಂಕಿ ಹೊತ್ತಿಕೊಂಡದ್ದು ಒಂದು ಮಧ್ಯಾಹ್ನ, ಕಟಾವು ಯಂತ್ರದ ಬೇರಿಂಗ್ ಕಾದು ಕೆಂಪಗಾಗಿ ಒಣ ಹುಲ್ಲಿಗೆ ಕಿಡಿ ತಗುಲಿದಾಗ. ವಿಮಾನ ಹೇಳಿದ ಹೊತ್ತಿಗೇ ಬಂದಿತು, ಮೊದಲ ಸುರಿತವೂ ಬೆಂಕಿಯ ಮುಂಚೂಣಿಗೆ ಸರಿಯಾಗಿಯೇ ಬಿದ್ದಿತು. ಎರಡನೆಯ ಸುರಿತ ಬಂದದ್ದು ಮಾತ್ರ 38 ನಿಮಿಷಗಳ ನಂತರ. ಹೋಗಿಬರುವ ಹಾರಾಟಕ್ಕೆ ಹಿಡಿದದ್ದು 14 ನಿಮಿಷವಷ್ಟೇ. ಉಳಿದದ್ದೆಲ್ಲ ನೆಲದ ಮೇಲೆ ಕಳೆದುಹೋದ ಕಾಲ: ನಮ್ಮ ನೀರಿನ ತೊಟ್ಟಿಯ ಹೋಸ್ ಪೈಪಿನ ಕಪ್ಲಿಂಗ್ ವಿಮಾನದ ಬಾಯಿಗೆ ಕೂಡಲಿಲ್ಲ, ಅಡಾಪ್ಟರ್ ಹುಡುಕಿ ತರುವಷ್ಟರಲ್ಲಿ ಒಂಬತ್ತು ನಿಮಿಷ ಸರಿದಿತ್ತು, ಆಮೇಲೆ ನಿಮಿಷಕ್ಕೆ 200 ಲೀಟರ್ ಎತ್ತುವ ಪಂಪು ಆ ದೊಡ್ಡ ಟ್ಯಾಂಕನ್ನು ತುಂಬಲು ಹದಿನೈದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಆರಿದಂತೆ ಕಂಡಿದ್ದ ಕೂಳೆಯ ಬುಡದಲ್ಲಿ ಕೆಂಡ ಮತ್ತೆ ಹೊತ್ತಿಕೊಂಡು, ಗಾಳಿಯ ಬೆಂಬಲದಿಂದ ಬದು ದಾಟಿ, ಇನ್ನೂ ಕೊಯ್ಯದ ಗೋಧಿಗೆ ಹತ್ತಿತ್ತು.

ಮರುದಿನ ಡೈರಿಯಲ್ಲಿದ್ದ ಸಮಯಗಳನ್ನಿಟ್ಟುಕೊಂಡು ಲೆಕ್ಕ ಮಾಡಿದೆ. 38 ನಿಮಿಷಕ್ಕೊಮ್ಮೆ 3,000 ಲೀಟರ್ ಎಂದರೆ ಗಂಟೆಗೆ 4,800 ಲೀಟರೂ ಆಗುವುದಿಲ್ಲ. ನಾನು ಬೇಡವೆಂದಿದ್ದ ಹೆಲಿಕಾಪ್ಟರ್ ಒಂದು ಕಿಲೋಮೀಟರ್ ದೂರದ ನೀರಾವರಿ ಹೊಂಡದಿಂದ ಐದು ನಿಮಿಷಕ್ಕೊಂದು ಬಕೆಟ್ ತಂದಿದ್ದರೆ ಅದೇ ಗಂಟೆಯಲ್ಲಿ 12,000 ಲೀಟರ್ ಬೀಳುತ್ತಿತ್ತು. ಹಾಗೆಂದು ಹೆಲಿಕಾಪ್ಟರೇ ಮೇಲೆಂದು ನಾನು ಹೇಳುತ್ತಿಲ್ಲ, ಏಕೆಂದರೆ ಹತ್ತಿರದಲ್ಲಿ ಬಕೆಟ್ ಮುಳುಗುವಷ್ಟು ಆಳದ ನೀರಿಲ್ಲದ ಕಡೆ, ಅಥವಾ ಬೇಸಿಗೆಯ ಕೊನೆಗೆ ಹೊಂಡಗಳು ತಳ ಕಾಣುವ ಕಡೆ, ಒಳ್ಳೆಯ ಪಂಪು ಇರುವ ರನ್‌ವೇಯಿಂದ ಹಾರುವ ವಿಮಾನವೇ ಗೆಲ್ಲುತ್ತದೆ. ಕೆನಡೇರ್ ಸಿಎಲ್-415ರಂಥ ವಿಮಾನ ನೀರಿನ ಮೇಲೆ ಜಾರುತ್ತಲೇ ಸುಮಾರು 12 ಸೆಕೆಂಡುಗಳಲ್ಲಿ 6,000 ಲೀಟರ್ ತುಂಬಿಕೊಳ್ಳಬಲ್ಲದು. ಆದರೆ ಅದಕ್ಕೆ ಅಡೆತಡೆಯಿಲ್ಲದ ಉದ್ದನೆಯ ಸರೋವರ ಬೇಕು, ಕೃಷಿ ಹೊಂಡ ಸಾಲದು. ಕರೆ ಮಾಡಿದ ಎಷ್ಟು ನಿಮಿಷಕ್ಕೆ ಮೊದಲ ಹನಿ ಬೀಳುತ್ತದೆ, ಆಮೇಲೆ ಗಂಟೆಗೆ ಎಷ್ಟು ಲೀಟರ್ ಬೀಳುತ್ತದೆ ಎಂಬ ಎರಡು ಅಂಕಿಗಳನ್ನು ನಮ್ಮದೇ ಹೊಲ, ನಮ್ಮದೇ ನೀರಿನ ಮೂಲ ಇಟ್ಟುಕೊಂಡು ಅಳೆದು ತೋರಿಸದ ಸಂಸ್ಥೆಯ ದರಪಟ್ಟಿಯನ್ನು ಈಗ ನಾನು ತೆರೆದು ನೋಡುವುದೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯ ಕರಾರಿನ ಒಳಪುಟಗಳಲ್ಲಿ ಅಡಗಿರುತ್ತದೆ. ಈ ಸೇವೆಗೆ ಹಣ ಕೊಡುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ: ಹಂಗಾಮಿನುದ್ದಕ್ಕೂ ಸಿದ್ಧವಾಗಿ ನಿಲ್ಲುವುದಕ್ಕೆ ಒಂದು ಮೊತ್ತ, ಹಾರಿದ ಗಂಟೆಗಳಿಗೆ ಇನ್ನೊಂದು. ಸಿದ್ಧವಾಗಿ ನಿಲ್ಲುವುದೆಂದರೆ ಅದು ನಮಗಾಗಿ ಮಾತ್ರ ನಿಂತಿದೆಯೇ, ಅಥವಾ ಒಂದೇ ವಿಮಾನವನ್ನು ನಾಲ್ಕಾರು ಗಿರಾಕಿಗಳಿಗೆ ಹಂಚಲಾಗಿದೆಯೇ ಎಂದು ಕೇಳಲೇಬೇಕು. ಒಣಗಾಳಿ ಬೀಸುವ ದಿನ ಬೆಂಕಿ ಎಲ್ಲರ ಹೊಲದಲ್ಲೂ ಬೀಳುತ್ತದೆ, ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಹತ್ತಿರದಲ್ಲಿ ಕಾಡ್ಗಿಚ್ಚೋ ಮನೆಗಳಿಗೆ ಅಪಾಯವೋ ಇದ್ದರೆ ಸರ್ಕಾರ ಆ ವಿಮಾನವನ್ನು ಅತ್ತ ಕರೆಸಿಕೊಳ್ಳುವುದು ನ್ಯಾಯವೂ ಹೌದು. ಆದರೆ ಹಾಗಾದ ದಿನದ ಹಣವನ್ನು ನಾವೇಕೆ ಕೊಡಬೇಕು, ಬದಲಿ ವಿಮಾನ ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಆಮೇಲೆ ವಾದ ಮಾಡಿ ಫಲವಿಲ್ಲ. ಪೈಲಟ್ಟಿನ ಅನುಭವ, ವಿಮೆ, ಪರವಾನಗಿಗಳನ್ನು ಯಾರಾದರೂ ಪರಿಶೀಲಿಸುತ್ತಾರೆ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಔಷಧಿ ಸಿಂಪಡಿಸುವ ವಿಮಾನ ಹಾರಿಸಿದ ಅನುಭವ, ಹೊಗೆಯ ನಡುವೆ ವಿದ್ಯುತ್ ತಂತಿ ತಪ್ಪಿಸಿ ನೀರು ಸುರಿಯುವ ಅನುಭವಕ್ಕೆ ಸಮವಲ್ಲ.

ಏನನ್ನು ಸುರಿಯುತ್ತಾರೆ ಎಂಬುದು ಕೃಷಿಭೂಮಿಯ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ. ಬರಿಯ ನೀರು ಬೇಗ ಆವಿಯಾಗುತ್ತದೆ. ಶೇಕಡಾ ಒಂದಕ್ಕೂ ಕಡಿಮೆ ನೊರೆದ್ರಾವಣ ಬೆರೆಸಿದರೆ ಅದೇ ನೀರು ಹುಲ್ಲಿಗೆ ಅಂಟಿ ಒಳಗಿಳಿಯುತ್ತದೆ. ಕೆಂಪು ಬಣ್ಣದ ಬೆಂಕಿ ನಿರೋಧಕದಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಫಾಸ್ಫೇಟ್, ಅಂದರೆ ನಾವು ಗೊಬ್ಬರವಾಗಿ ಹಾಕುವ ವಸ್ತುವಿನ ದಾಯಾದಿ. ಆದರೂ ಒಂದೇ ಪಟ್ಟಿಯಲ್ಲಿ ಅಷ್ಟೊಂದು ಬಿದ್ದರೆ ಎಲೆ ಸುಡುತ್ತದೆ, ಕೆರೆಗೆ ಸೇರಿದರೆ ಮೀನು ಸಾಯುತ್ತದೆ. ಅಮೆರಿಕದ ಅರಣ್ಯ ಸೇವೆ ನೀರಿನ ಮೂಲಗಳಿಂದ ಕನಿಷ್ಠ 300 ಅಡಿ ದೂರ ಬಿಟ್ಟು ಅದನ್ನು ಸುರಿಯುವ ನಿಯಮ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಸಮುದ್ರದ ನೀರನ್ನು ಎತ್ತಿ ತರುವ ಸೇವೆಯಾದರೆ ಮಣ್ಣಿಗೆ ಉಪ್ಪು ಬೀಳುವುದನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು.

ಆಡಳಿತಕ್ಕೆ ಮನದಟ್ಟು ಮಾಡಿಕೊಡಲು ಅತ್ಯಂತ ಕಷ್ಟವಾದದ್ದು ಇದು: ವಿಮಾನ ಬೆಂಕಿಯ ಜ್ವಾಲೆಯನ್ನು ತಗ್ಗಿಸುತ್ತದೆ, ಬೆಂಕಿಯನ್ನು ಮುಗಿಸುವುದು ನೆಲದ ಮೇಲಿನ ಜನ. ರಾತ್ರಿಯಾದರೆ, ಗಾಳಿ ಮಿತಿಮೀರಿದರೆ, ಹೊಗೆ ಕವಿದರೆ ಅದು ಹಾರುವುದೇ ಇಲ್ಲವೆಂದುಕೊಂಡು ಯೋಜನೆ ಮಾಡಬೇಕು. ಆದ್ದರಿಂದ ಈ ವರ್ಷ ವಿಮಾನದ ಗಂಟೆಗಳನ್ನು ಸ್ವಲ್ಪ ಕಡಿತ ಮಾಡಿ, ಆ ಹಣದಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಎರಡು ನೀರಿನ ಟ್ಯಾಂಕರು, ಹೊಲದ ಅಂಚಿಗೆ ಉತ್ತು ಬಿಟ್ಟ ಬೆಂಕಿರೇಖೆ, ನಿಮಿಷಕ್ಕೆ 1,000 ಲೀಟರ್ ಎತ್ತುವ ಪಂಪು ಮಾಡಿಸಿಕೊಂಡಿದ್ದೇವೆ. ಕರಾರಿನ ಮೊದಲ ಪುಟದಲ್ಲಿಯೇ ಕಪ್ಲಿಂಗಿನ ವ್ಯಾಸವನ್ನು ಮಿಲಿಮೀಟರುಗಳಲ್ಲಿ ನಮೂದಿಸಿದ್ದೇವೆ. ಅಡಾಪ್ಟರು ಪಂಪಿನ ಪಕ್ಕದ ಮೊಳೆಗೆ ಸರಪಣಿಯಲ್ಲಿ ನೇತಾಡುತ್ತಿದೆ.