ಮಳೆಗಾಲದಲ್ಲೂ ಕೇಳುವ ಆಕಾಶ

ಜಿಎಸ್‌ಎನ್ 069 ಅಂತ ಒಂದು ಗ್ಯಾಲಕ್ಸಿ. ಅದರ ನಡುವಿನ ಕಪ್ಪು ಕುಳಿಯ ಹತ್ತಿರದಿಂದ ಹೆಚ್ಚುಕಡಿಮೆ 9 ಗಂಟೆಗೊಮ್ಮೆ ಎಕ್ಸ್‌-ರೇ ಭುಗಿಲೇಳುತ್ತದೆ. ಒಂದು ಗಂಟೆ ಅಬ್ಬರ, ಆಮೇಲೆ ತಣ್ಣಗೆ. 2018ರ ಡಿಸೆಂಬರ್‌ನಲ್ಲಿ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ಕಣ್ಣಿಗೆ ಬಿತ್ತು. ಎಕ್ಸ್‌-ರೇ ನಮ್ಮ ಗಾಳಿ ದಾಟಿ ಕೆಳಗೆ ಬರೋದಿಲ್ಲ, ಮೇಲೆ ಹೋಗಿಯೇ ನೋಡಬೇಕು.

ರೇಡಿಯೊ ಅಲೆಗೆ ಆ ತಕರಾರಿಲ್ಲ. ಹಗಲು, ಮೋಡ ಯಾವುದೂ ಲೆಕ್ಕಕ್ಕಿಲ್ಲ. ಇಲ್ಲಿ ತೀರ್ಥಹಳ್ಳಿಯಲ್ಲಿ ಪುನರ್ವಸು ಮಳೆ ಹೊಡೀತಿದೆ. ಅಂಗಳದ ಅಡಿಕೆ ದಬ್ಬೆ ಮೇಲೂ ಹಾವಸೆ. ಒಂದು ನಕ್ಷತ್ರ ಕಾಣದೆ ತಿಂಗಳಾಗುತ್ತಾ ಬಂತು. ರೇಡಿಯೊ ದೂರದರ್ಶಕದವರ ಮೇಲೆ ಹೊಟ್ಟೆಕಿಚ್ಚು ಆಗದೆ ಇರುತ್ತಾ?

2019ರಲ್ಲಿ ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ಮತ್ತೆ ಕೆಲವು ರೇಡಿಯೊ ದೂರದರ್ಶಕಗಳು ಅದೇ ಗ್ಯಾಲಕ್ಸಿಗೆ ಕಿವಿಕೊಟ್ಟವು. ಸಣ್ಣ ರೇಡಿಯೊ ದನಿ ಸಿಕ್ಕಿತು. ಆದರೆ ಎಕ್ಸ್‌-ರೇ ಕುಣಿದಾಗ ಅದು ಕುಣಿಯಲಿಲ್ಲ. ನನಗೆ ಇದೇ ಜಾಸ್ತಿ ಮಜಾ ಅನ್ನಿಸಿದ್ದು. ಒಂದೇ ಮನೆ, ಎರಡು ಸ್ವಭಾವ.

ಈ ಭುಗಿಲುಗಳಿಗೆ ಕಾರಣ ಏನು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ಯಾವುದೋ ನಕ್ಷತ್ರ ಸುತ್ತು ಹಾಕುವಾಗ ಕುಳಿಯ ಸುತ್ತ ತಟ್ಟೆಯಂತೆ ಹರಡಿದ ಬಿಸಿ ಅನಿಲವನ್ನು ಸುತ್ತಿಗೆ ಎರಡೆರಡು ಸಲ ತೂರಿಕೊಂಡು ಹೋಗುತ್ತೆ ಅನ್ನೋದು ಒಂದು ವಾದ. ಭುಗಿಲುಗಳ ನಡುವಿನ ಬಿಡುವು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಇರೋದು ಅದಕ್ಕೆ ಸರಿಹೊಂದುತ್ತದೆ. ನನ್ನ ಓಟು ಸದ್ಯಕ್ಕೆ ಅದಕ್ಕೇ.